ಫ್ಯಾನು ನಿಂತ ಕಾರಣ

ಕಲಬುರಗಿ ಸೀಮೆಯ ಬೇಸಿಗೆಯನ್ನು ಉಂಡವರಿಗೆ ಅದರ ವರ್ಣನೆ ಬೇಕಿಲ್ಲ. ಉಣ್ಣದವರಿಗೆ ಅದು ವರ್ಣನೆಯಿಂದ ತಿಳಿಯುವಂಥದ್ದಲ್ಲ. ಮೇ ತಿಂಗಳಲ್ಲಿ ಪಾದರಸವು 40 ಡಿಗ್ರಿಯನ್ನು ದಾಟುವುದು ಇಲ್ಲಿ ಸಾಮಾನ್ಯ ಸಂಗತಿ. ನಮ್ಮ ಹಿರಿಯರು ಈ ಬಿಸಿಲಿಗೆ ತಕ್ಕ ಮನೆಗಳನ್ನು ಕಟ್ಟಿಕೊಂಡಿದ್ದರು. ಎರಡು ಮೊಳ ದಪ್ಪದ ಗೋಡೆ, ಮಣ್ಣಿನ ಮಾಳಿಗೆ, ಬಾಗಿಲಿಗೆ ನೀರು ಚಿಮುಕಿಸಿದ ಲಾವಂಚದ ತಟ್ಟಿ, ಮೂಲೆಯಲ್ಲಿ ತಣ್ಣನೆಯ ಮಣ್ಣಿನ ಕೊಡ, ಇವುಗಳಿಂದ ಅವರ ಬೇಸಿಗೆ ಕಳೆಯುತ್ತಿತ್ತು. ಇಂದಿನ ನಮ್ಮ ಮನೆಗಳ ಸಿಮೆಂಟಿನ ಛಾವಣಿಯಾದರೋ ಹಗಲೆಲ್ಲ ಕಾದು, ರಾತ್ರಿ ಆ ಕಾವನ್ನು ಒಳಗಿನವರ ಮೇಲೆ ಬಿಡುತ್ತದೆ. ಆದುದರಿಂದ ವೃದ್ಧರೂ ರೋಗಿಗಳೂ ಇರುವ ಮನೆಗಳಲ್ಲಿ ಏಸಿ ಎಂಬ ಯಂತ್ರವು ಈಗ ಭೋಗದ ವಸ್ತುವಾಗಿ ಉಳಿದಿಲ್ಲ. ಔಷಧಿಯ ಸಾಲಿಗೆ ಸೇರಿದೆ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿ, ಅವನ್ನೇ ಬೋಧಿಸಿ ನಿವೃತ್ತನಾದವನಿಗೆ ಏಸಿಯ ಫ್ಯಾನು ಮೋಟಾರಿನ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಕೆಟ್ಟ ಯಂತ್ರದ ಮುಂದೆ ನಿಂತವನು ಮಾಡಬೇಕಾದ ಕೆಲಸ ಒಂದೇ: ಕಾರ್ಯವನ್ನು ಕಂಡು ಕಾರಣವನ್ನು ಅರಿಯುವುದು. ತರ್ಕಶಾಸ್ತ್ರವು ಶತಮಾನಗಳಿಂದ ಕಲಿಸುತ್ತ ಬಂದಿರುವುದೂ ಅದನ್ನೇ. ಆ ವಿದ್ಯೆಯು ಒಬ್ಬ ತರುಣ ಮೆಕ್ಯಾನಿಕನ ಕೈಯಲ್ಲಿ ಕೆಲಸ ಮಾಡುವುದನ್ನು ನಾನು ನಮ್ಮ ಮಾಳಿಗೆಯ ಮೇಲೆ ನಿಂತು ನೋಡಿದೆನು. ನೋಡಿದ್ದರಿಂದ ನನ್ನ ಮನೆಗೆ ಪ್ರಯೋಜನವಾಯಿತು. ಇತರ ಮನೆಗಳಿಗೂ ಆಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಂತ್ರದ ಸ್ವಭಾವವನ್ನು ತಿಳಿಯೋಣ. 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಎಂಬ ಯುವಕ ಎಂಜಿನಿಯರರು ಆಧುನಿಕ ಹವಾನಿಯಂತ್ರಣದ ಮೊದಲ ಯೋಜನೆಯನ್ನು ರೂಪಿಸಿದರು. ಅದು ಮನುಷ್ಯರ ಸುಖಕ್ಕಾಗಿ ಹುಟ್ಟಿದುದಲ್ಲ ಎಂಬುದು ಸ್ವಾರಸ್ಯದ ಸಂಗತಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದವು ಹಿಗ್ಗಿ ಕುಗ್ಗಿ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಆ ತೇವವನ್ನು ಹಿಡಿತಕ್ಕೆ ತರಲು ಮಾಡಿದ ಉಪಾಯವೇ ಮುಂದೆ ಮನೆಮನೆಗೆ ಬಂದಿತು. ನಾವು ಒಂದು ಟನ್, ಒಂದೂವರೆ ಟನ್ ಎಂದು ಹೇಳುತ್ತೇವಲ್ಲ, ಅದು ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ತಾಸುಗಳಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುವುದೋ ಅಷ್ಟು ಶಾಖವನ್ನು ತೆಗೆಯುವ ಶಕ್ತಿಗೆ ಒಂದು ಟನ್ ಎಂದು ಹೆಸರು. ಇಂದಿನ ಅಳತೆಯಲ್ಲಿ ಅದು ಸುಮಾರು ಮೂರೂವರೆ ಕಿಲೋವ್ಯಾಟ್.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಏಸಿ ತಂಪನ್ನು ಹುಟ್ಟಿಸುವುದಿಲ್ಲ; ಕೋಣೆಯೊಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಒಳಗಿನ ಪೆಟ್ಟಿಗೆಯ ತಣ್ಣನೆಯ ಸುರುಳಿಯಲ್ಲಿ ಗ್ಯಾಸು ಶಾಖವನ್ನು ಹೀರುತ್ತದೆ. ಕಂಪ್ರೆಸರು ಆ ಗ್ಯಾಸನ್ನು ಒತ್ತಿ ಹೊರಗಿನ ಪೆಟ್ಟಿಗೆಯ ಸುರುಳಿಗೆ ತಳ್ಳುತ್ತದೆ. ಅಲ್ಲಿ ಫ್ಯಾನು ಬೀಸಿದ ಗಾಳಿಗೆ ಶಾಖವನ್ನು ಕೊಟ್ಟು ಗ್ಯಾಸು ದ್ರವವಾಗಿ ಮತ್ತೆ ಒಳಗೆ ಮರಳುತ್ತದೆ. ಹೊರಗಿನ ಫ್ಯಾನು ನಿಂತರೆ ಹೊತ್ತು ತಂದ ಶಾಖವನ್ನು ಇಳಿಸಲು ಸ್ಥಳವಿಲ್ಲದಂತಾಗುತ್ತದೆ. ಒತ್ತಡ ಏರುತ್ತದೆ, ಕಂಪ್ರೆಸರಿನ ಉಸಿರು ಕಟ್ಟುತ್ತದೆ, ಅದು ಸುಟ್ಟುಹೋಗದಿರಲೆಂದು ಇಟ್ಟಿರುವ ರಕ್ಷಕ ಸಾಧನವು ಅದಕ್ಕೆ ವಿದ್ಯುತ್ತನ್ನು ತಡೆಯುತ್ತದೆ. ಒಳಗಿನ ಪೆಟ್ಟಿಗೆಯಾದರೋ ಏನೂ ಅರಿಯದ ಮಗುವಿನಂತೆ ಗಾಳಿಯನ್ನು ಬೀಸುತ್ತಲೇ ಇರುತ್ತದೆ. ಆ ಗಾಳಿಯಲ್ಲಿ ತಂಪು ಮಾತ್ರ ಇರುವುದಿಲ್ಲ.

2024ರ ಮೇ ತಿಂಗಳಿನಲ್ಲಿ, ನಮ್ಮ ಭಾಗದ ಲೋಕಸಭಾ ಮತದಾನ ಮುಗಿದ ವಾರ, ನಮ್ಮ ಮನೆಯಲ್ಲಿ ನಡೆದುದು ಇದೇ. ನನ್ನ ಅಕ್ಕನವರು ನಮ್ಮೊಡನೆಯೇ ಇದ್ದಾರೆ. ಆಗ ಅವರಿಗೆ ಎಪ್ಪತ್ತೇಳು ವರ್ಷ. ತಾಯಿ ಬೇಗ ಹೋದುದರಿಂದ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಅವರಿಗೆ ಹೃದಯದ ಬೇನೆ; ಮೈಯಲ್ಲಿ ನೀರು ತುಂಬದಿರಲೆಂದು ಗುಳಿಗೆ ನಡೆದಿದೆ; ಕುಡಿಯುವ ನೀರಿಗೂ ವೈದ್ಯರು ಅಳತೆ ಹಾಕಿದ್ದಾರೆ. ಇಂಥವರ ಮೈ ಬಿಸಿಲನ್ನು ತಡೆಯಲಾರದು, ಕೋಣೆ ತಂಪಾಗಿರಲೇಬೇಕು ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಅದಕ್ಕಾಗಿಯೇ ಎಂಟು ವರ್ಷಗಳ ಹಿಂದೆ ಒಂದೂವರೆ ಟನ್ನಿನ, ಹಳೆಯ ಪದ್ಧತಿಯ ಏಸಿಯೊಂದನ್ನು ಅವರ ಕೋಣೆಗೆ ಹಾಕಿಸಿದ್ದೆವು.

ಅದು ಮುಂಜಾನೆ ಸರಿಯಾಗಿ ನಡೆಯುತ್ತಿತ್ತು. ಹನ್ನೊಂದು ಗಂಟೆ ದಾಟಿದ ಮೇಲೆ ಹತ್ತು ನಿಮಿಷ ತಂಪು, ಅರ್ಧ ತಾಸು ಬರಿಯ ಗಾಳಿ, ಮತ್ತೆ ಸ್ವಲ್ಪ ತಂಪು, ಹೀಗೆ ತೊಡಗಿತು. ಮೂರನೆಯ ದಿನ ಮಧ್ಯಾಹ್ನ ತಂಪು ಪೂರ್ತಿಯಾಗಿ ನಿಂತಿತು. ಅಕ್ಕನವರಿಗೆ ತಲೆ ತಿರುಗಿತು. ಅವರು ಮಂಚ ಹಿಡಿದು ಕುಳಿತು, "ನನಗಾಗಿ ಇಷ್ಟೆಲ್ಲಾ ಯಾಕೋ ತಮ್ಮಾ, ನಾವು ಹುಟ್ಟಿದಾಗ ಏಸಿ ಇತ್ತೇನು?" ಎಂದು ನಗಲು ಯತ್ನಿಸಿದರು. ಆ ನಗೆಯ ನಡುವೆ ಅವರಿಗೆ ಉಸಿರು ಸಾಲುತ್ತಿರಲಿಲ್ಲ.

ಪಟ್ಟಣದ ಒಂದು ಅಂಗಡಿಯಿಂದ ಮೆಕ್ಯಾನಿಕರೊಬ್ಬರು ಬಂದರು. ಅವರು ಒಳಗಿನ ಪೆಟ್ಟಿಗೆಯ ಮುಂದೆ ಅಂಗೈ ಹಿಡಿದರು. ಮಾಳಿಗೆಯ ಬಾಗಿಲಿನಿಂದ ಹೊರಗಿನ ಪೆಟ್ಟಿಗೆಯ ಕಡೆಗೆ ಕಿವಿಗೊಟ್ಟರು. "ಗ್ಯಾಸ್ ಹೋಗಿದೆ, ಕಂಪ್ರೆಸರೂ ಸೋತಿದೆ" ಎಂದು ತೀರ್ಪು ಕೊಟ್ಟು, ಹದಿನಾಲ್ಕು ಸಾವಿರ ರೂಪಾಯಿಯ ಲೆಕ್ಕ ಬರೆದರು. ಅಷ್ಟು ಹಾಕುವುದಕ್ಕಿಂತ ಹೊಸದನ್ನೇ ಕೊಳ್ಳುವುದು ಲೇಸೆಂದೂ ಹೇಳಿ ಹೋದರು. ಎಲ್ಲವೂ ಐದು ನಿಮಿಷದಲ್ಲಿ ಮುಗಿಯಿತು. ಮಗನು ಆಗಲೇ ಕಂತಿನ ಲೆಕ್ಕ ಹಾಕತೊಡಗಿದ್ದನು. ಬೇಸಿಗೆಯ ಮಧ್ಯದಲ್ಲಿ ಆ ಅಂಗಡಿಯವರಿಗೆ ದಿನಕ್ಕೆ ಇಪ್ಪತ್ತು ಮನೆಗಳ ಕರೆ ಇದ್ದಿತೆಂದು ಆಮೇಲೆ ತಿಳಿಯಿತು. ಆದುದರಿಂದ ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವರ ತೀರ್ಪಿನ ರೀತಿಯನ್ನು ಮಾತ್ರ ಇಲ್ಲಿ ವಿಚಾರಿಸುತ್ತೇನೆ.

ಅನ್ನಂಭಟ್ಟನ ತರ್ಕಸಂಗ್ರಹವು ಮಠಗಳ ಪಾಠಶಾಲೆಗಳಲ್ಲಿ ಮಕ್ಕಳಿಗೆ ಮೊದಲು ಹೇಳಿಕೊಡುವ ತರ್ಕಗ್ರಂಥ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅಲ್ಲಿಯ ಪ್ರಸಿದ್ಧ ಉದಾಹರಣೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಆದುದರಿಂದ ಊಹೆ ಸರಿ. ಆದರೆ ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಿದರೆ ತಪ್ಪಾಗುತ್ತದೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಗುರುತು ಇದ್ದೂ ಗುರಿ ಇಲ್ಲದಿರಬಹುದಾದ ಇಂಥ ಹೇತುವಿಗೆ ವ್ಯಭಿಚಾರಿ ಹೇತು ಎಂದು ಹೆಸರು. "ತಂಪಿಲ್ಲ, ಆದುದರಿಂದ ಗ್ಯಾಸ್ ಇಲ್ಲ" ಎಂಬುದು ಅಂಥದೇ ಊಹೆ. ಗ್ಯಾಸು ಪೂರ್ಣವಾಗಿದ್ದರೂ ಫ್ಯಾನು ನಿಂತರೆ ತಂಪಿಲ್ಲ, ಜಾಲರಿಯಲ್ಲಿ ಧೂಳು ಕಟ್ಟಿದರೆ ತಂಪಿಲ್ಲ, ವಿದ್ಯುತ್ತು ಸೊರಗಿದರೂ ತಂಪಿಲ್ಲ. ಮತ್ತೊಂದು ಮಾತೂ ಇದೆ. ಏಸಿಯ ಗ್ಯಾಸು ದೀಪದ ಎಣ್ಣೆಯಂತೆ ಉರಿದು ತೀರುವಂಥದ್ದಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಿರುವಂಥದ್ದು. ಅದು ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಸೋರುವ ಸ್ಥಳವನ್ನು ಹುಡುಕದೆ ಪ್ರತಿವರ್ಷ ಗ್ಯಾಸು ತುಂಬಿಸುವುದು ತೂತು ಕೊಡಕ್ಕೆ ನೀರು ಹೊತ್ತಂತೆ.

ನಾನು ಮಗನಿಗೆ ಒಂದು ದಿನ ತಡೆಯೆಂದು ಹೇಳಿದೆನು. ಪರಿಚಯದವರೊಬ್ಬರು ಮತ್ತೊಬ್ಬ ಹುಡುಗನನ್ನು ಕಳುಹಿಸಿದರು. ಐ.ಟಿ.ಐ. ಓದಿದವನು, ಇಪ್ಪತ್ತೈದರ ಆಜೂಬಾಜು ವಯಸ್ಸು. ಬಂದವನು ಚೀಲ ಬಿಚ್ಚಲಿಲ್ಲ. ಅಕ್ಕನವರ ಮಂಚದ ಬಳಿ ನಿಂತು, "ಮುತ್ಯಾ, ಯಾವಾಗಿಂದ ಹಿಂಗ ಆಗ್ಲಿಕತ್ತದರಿ? ಮುಂಜಾನಿ ತಂಪ ಇರ್ತದೇನ್ರಿ? ನಿಲ್ಲೂ ಮುಂದ ಏನರ ಸಪ್ಪಳ ಬರ್ತದೇನ್ರಿ?" ಎಂದು ಕೇಳಿದನು. ಮುಂಜಾನೆ ಸರಿ, ಮಧ್ಯಾಹ್ನ ಇಲ್ಲ. ಹೊರಗೆ ಗುಂಯ್ ಎಂಬ ಸಪ್ಪಳ, ಆಮೇಲೆ ಟಕ್ ಎಂದು ನಿಲ್ಲುವುದು. ಅರ್ಧ ತಾಸಿನ ಮೇಲೆ ಮತ್ತೆ ಮೊದಲು. ಇಷ್ಟನ್ನು ಕೇಳಿ, "ಹಂಗಾದ್ರ ಕಂಪ್ರೆಸರ್ ಸತ್ತಿಲ್ಲರಿ. ಸತ್ತದ್ದು ಅರ್ಧ ತಾಸಿಗೆ ಏಳಂಗಿಲ್ಲ" ಎಂದನು. ನನಗೆ ಆ ಒಂದು ಮಾತಿನಲ್ಲಿಯೇ ಆತನ ವಿದ್ಯೆ ಕಂಡಿತು.

ಮಾಳಿಗೆಯ ಮೇಲೆ ಹೋದೆವು. ಹೊರಗಿನ ಪೆಟ್ಟಿಗೆಯಲ್ಲಿ ಕಂಪ್ರೆಸರು ಮೊರೆಯುತ್ತಿದ್ದಿತು. ಫ್ಯಾನಿನ ರೆಕ್ಕೆಗಳು ಮಾತ್ರ ನಿಶ್ಚಲವಾಗಿದ್ದವು. ಆತನು ರಿಮೋಟಿನಿಂದ ನಿಲ್ಲಿಸಿ ತೃಪ್ತನಾಗಲಿಲ್ಲ. ಕೆಳಗೆ ಬಂದು ಎಂ.ಸಿ.ಬಿ.ಯನ್ನೇ ಇಳಿಸಿ, ಯಾರೂ ಏರಿಸಬಾರದೆಂದು ಮಗನನ್ನು ಅದರ ಬಳಿ ನಿಲ್ಲಿಸಿದನು. ಆಮೇಲೆ ಮುಚ್ಚಳ ಬಿಚ್ಚಿ, ಕೆಪಾಸಿಟರಿನ ಎರಡು ತುದಿಗಳಿಗೆ ನಿರೋಧಕ ಜೋಡಿಸಿದ ತಂತಿಯನ್ನು ತಾಗಿಸಿ ಅದರಲ್ಲಿ ಉಳಿದಿದ್ದ ವಿದ್ಯುತ್ತನ್ನು ಇಳಿಸಿದನು. ಸ್ವಿಚ್ಚು ಆರಿದರೂ ಕೆಪಾಸಿಟರು ತನ್ನ ಹೊಟ್ಟೆಯಲ್ಲಿ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಅರಿಯದೆ ಮುಟ್ಟಿದವನಿಗೆ ಬಲವಾದ ಹೊಡೆತ ಬೀಳುತ್ತದೆ. ಬಜಾರಿನಲ್ಲಿ ಇದನ್ನೇ ಕೆಲವರು ಕಂಡೆನ್ಸರ್ ಎನ್ನುತ್ತಾರೆ. ಹೊರಗಿನ ಸುರುಳಿಗೂ ಅದೇ ಹೆಸರಿರುವುದರಿಂದ ಲೆಕ್ಕ ಬರೆಸುವಾಗ ಯಾವುದೆಂದು ಕೇಳಿ ತಿಳಿಯುವುದು ಒಳ್ಳೆಯದು.

ಇಷ್ಟಾದ ಮೇಲೆ ಆತನು ರೆಕ್ಕೆಯನ್ನು ಬೆರಳಿನಿಂದ ತಳ್ಳಿದನು. ರೆಕ್ಕೆ ತಿರುಗಿತು, ಆದರೆ ಎರಡೇ ಸುತ್ತಿಗೆ ನಿಂತಿತು. ಆತನು ಏನೂ ಹೇಳದೆ ಅದನ್ನು ಮನಸ್ಸಿನಲ್ಲಿ ಇರಿಸಿಕೊಂಡನು. ಮೀಟರಿನಿಂದ ಕೆಪಾಸಿಟರನ್ನು ಅಳೆದನು. ಅದರ ಮೈಮೇಲೆ 4 ಮೈಕ್ರೋಫ್ಯಾರಡ್ ಎಂದು ಅಚ್ಚಾಗಿದ್ದಿತು. ಮೀಟರು ತೋರಿಸಿದ್ದು ಎರಡಕ್ಕೂ ಕಡಿಮೆ.

ಕೆಪಾಸಿಟರು ಸೊರಗಿದರೆ ಫ್ಯಾನು ಏಕೆ ನಿಲ್ಲಬೇಕು? ನಮ್ಮ ಮನೆಗಳಿಗೆ ಬರುವುದು ಸಾಮಾನ್ಯವಾಗಿ 230 ವೋಲ್ಟಿನ ಸಿಂಗಲ್ ಫೇಸ್ ವಿದ್ಯುತ್ತು. ಇದು ಸೆಕೆಂಡಿಗೆ 50 ಬಾರಿ ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ. ಇದರಿಂದ ಮೋಟಾರಿನೊಳಗೆ ಹುಟ್ಟುವ ಕಾಂತಶಕ್ತಿ ಹಿಂದೆ ಮುಂದೆ ಮಿಡಿಯುವುದೇ ಹೊರತು ಸುತ್ತುವುದಿಲ್ಲ. ಹಳ್ಳಿಯಲ್ಲಿ ಇಬ್ಬರು ಎದುರುಬದುರು ಕುಳಿತು ಬೀಸುವ ಕಲ್ಲಿನ ಗೂಟವನ್ನು ಹಿಡಿಯುತ್ತಿದ್ದರು. ಇಬ್ಬರೂ ಒಂದೇ ಕ್ಷಣದಲ್ಲಿ ತಮ್ಮ ತಮ್ಮ ಕಡೆಗೆ ಎಳೆದರೆ ಕಲ್ಲು ಕದಲದು. ಒಬ್ಬರು ಎಳೆದು ಮುಗಿಸುವ ಹೊತ್ತಿಗೆ ಮತ್ತೊಬ್ಬರು ತೊಡಗಿದರೆ ಮಾತ್ರ ತಿರುಗುತ್ತದೆ. ಮೋಟಾರಿನಲ್ಲಿಯೂ ಎರಡು ಸುತ್ತುಗಳ ತಂತಿ ಇವೆ. ಎರಡನೆಯದರಲ್ಲಿ ಹರಿಯುವ ವಿದ್ಯುತ್ತಿನ ಕಾಲವನ್ನು ಮೊದಲನೆಯದಕ್ಕಿಂತ ತುಸು ಮುಂದಕ್ಕೆ ಸರಿಸಿ, ಕಾಂತಶಕ್ತಿಯನ್ನು ಸುತ್ತುವಂತೆ ಮಾಡುವುದೇ ಕೆಪಾಸಿಟರಿನ ಕೆಲಸ. ಅದು ಸೋತರೆ ಮೋಟಾರು ಗುಂಯ್ಗುಡುತ್ತದೆ, ಬಿಸಿಯಾಗುತ್ತದೆ, ಏಳುವುದಿಲ್ಲ. ಅಂಗುಷ್ಠದಷ್ಟು ವಸ್ತು, ಬೆಲೆ ಇನ್ನೂರು ರೂಪಾಯಿಯ ಒಳಗೆ.

ಹೊಸ ಕೆಪಾಸಿಟರನ್ನು ಅದೇ ಅಳತೆಯದನ್ನೇ ಹಾಕಿ ಎಂ.ಸಿ.ಬಿ. ಏರಿಸಿದೊಡನೆ ಫ್ಯಾನು ಓಡಿತು. ಹತ್ತು ನಿಮಿಷದಲ್ಲಿ ಅಕ್ಕನವರ ಕೋಣೆಗೆ ತಂಪು ಬಂದಿತು. ಮನೆಯವರೆಲ್ಲ ಹಿಗ್ಗಿದರು, ಮಗನು ಹಣ ಕೊಡಲು ಹೋದನು. ಹುಡುಗನು ಹಣವನ್ನು ಮುಟ್ಟದೆ, "ಒಂದ್ ತಾಸ್ ನೋಡೂಣ್ರಿ" ಎಂದು ಮಾಳಿಗೆಯ ನೆರಳಿನಲ್ಲಿ ಕುಳಿತುಬಿಟ್ಟನು. ಎರಡೇ ಸುತ್ತಿಗೆ ನಿಂತ ರೆಕ್ಕೆಯು ಆತನ ಮನಸ್ಸಿನಲ್ಲಿ ಇದ್ದಿತು. ಐದು ಗಂಟೆಯ ಹೊತ್ತಿಗೆ ಫ್ಯಾನಿನ ಸಪ್ಪಳ ಇಳಿಯಿತು. ರೆಕ್ಕೆಗಳು ಎಣಿಸುವಷ್ಟು ನಿಧಾನವಾಗಿ, ಕೊನೆಗೆ ನಿಂತವು.

ಆಗ ನನ್ನ ಎದೆ ಕುಸಿಯಿತೆಂಬುದನ್ನು ಮರೆಮಾಚುವುದಿಲ್ಲ. ಹುಡುಗನು ಮಾತ್ರ ಗೆಲುವಾದನು. ಮತ್ತೆ ವಿದ್ಯುತ್ತನ್ನು ತಪ್ಪಿಸಿ ರೆಕ್ಕೆಯನ್ನು ತಳ್ಳಿದನು. ಈ ಸಲ ಅದು ಒಂದು ಸುತ್ತನ್ನೂ ಪೂರೈಸಲಿಲ್ಲ. ಮೋಟಾರಿನ ಮೂರು ತಂತಿಗಳನ್ನು ಎರಡೆರಡಾಗಿ ಅಳೆದನು. ಎರಡು ಸುತ್ತುಗಳ ತಡೆ ಬೇರೆ ಬೇರೆಯಾಗಿ ಸರಿಯಾಗಿದ್ದು, ಮೂರನೆಯ ಅಳತೆ ಅವೆರಡರ ಮೊತ್ತಕ್ಕೆ ಸಮನಾಗಿದ್ದಿತು. ಮೈಗೆ ವಿದ್ಯುತ್ತು ಸೋರುತ್ತಿರಲಿಲ್ಲ. ತಂತಿ ಸುಟ್ಟಿಲ್ಲ, ಕೆಪಾಸಿಟರು ಹೊಸದು, ವಿದ್ಯುತ್ತು ಬರುತ್ತಿದೆ. ಉಳಿದುದು ಬೇರಿಂಗ್ ಒಂದೇ. ಸಂಭವಿಸಬಹುದಾದ ಕಾರಣಗಳನ್ನು ಒಂದೊಂದಾಗಿ ತಳ್ಳಿ ಉಳಿದುದನ್ನು ಹಿಡಿಯುವುದಕ್ಕೆ ನಮ್ಮಲ್ಲಿ ಪರಿಶೇಷ ಎನ್ನುತ್ತಾರೆ. ಬೇರಿಂಗಿನ ಜಿಡ್ಡು ಒಣಗಿದ್ದಿತು. ತಂಪಾಗಿರುವಾಗ ಹೇಗೋ ತಿರುಗಿ, ಕಾದಂತೆ ಬಿಗಿಯುತ್ತಿದ್ದಿತು. ಬಿಗಿದ ಮೋಟಾರು ಬಿಸಿಯೇರಿದಾಗ ಅದರೊಳಗಿನ ರಕ್ಷಕವು ತಾನಾಗಿ ವಿದ್ಯುತ್ತನ್ನು ಕಡಿದು, ತಣಿದಾಗ ಮತ್ತೆ ಜೋಡಿಸುತ್ತಿದ್ದಿತು. ಮುಂಜಾನೆ ನಡೆದು ಮಧ್ಯಾಹ್ನ ನಿಲ್ಲುವುದರ ರಹಸ್ಯ ಇದೇ.

ಮೋಟಾರನ್ನು ಬಿಚ್ಚಿ ವರ್ಕ್‌ಶಾಪಿಗೆ ಒಯ್ಯಬೇಕಾಯಿತು; ಮರುದಿನ ಬೆಳಿಗ್ಗೆ ತರುವೆನೆಂದನು. ಆ ರಾತ್ರಿ ಅಕ್ಕನವರನ್ನು ಕೆಳಗಿನ ಪಡಸಾಲೆಗೆ ತಂದೆವು. ಬಿಸಿಗಾಳಿಯನ್ನು ಬೀಸುವ ಟೇಬಲ್ ಫ್ಯಾನು ತಾನೇ ತಂಪು ಕೊಡದು. ಮೈಮೇಲಿನ ತೇವವು ಆರಿದಾಗಲೇ ತಂಪು. ಮುಪ್ಪಿನಲ್ಲಿ ಬೆವರು ಕಡಿಮೆ. ಆದುದರಿಂದ ತೆಳುವಾದ ಒದ್ದೆ ಬಟ್ಟೆಯನ್ನು ಅವರ ತೋಳು, ಕೊರಳು, ಪಾದಗಳ ಮೇಲೆ ಹಾಕಿ, ಒಣಗಿದಂತೆಲ್ಲ ನನ್ನ ಪತ್ನಿಯೂ ಸೊಸೆಯೂ ಸರದಿಯಂತೆ ಒದ್ದೆ ಮಾಡುತ್ತ ಕುಳಿತರು. ವೈದ್ಯರಿಗೆ ಫೋನು ಮಾಡಿ ನೀರಿನ ಅಳತೆಯನ್ನು ಕೇಳಿ ಕೊಟ್ಟೆವು. ಮಾತು ತೊದಲಿದರೆ, ಮೈ ಸುಡುತ್ತಿದ್ದೂ ಮಂಕು ಕವಿದರೆ ತಡಮಾಡದೆ ಆಸ್ಪತ್ರೆಗೆ ತರಬೇಕೆಂದು ಅವರು ಹೇಳಿದ್ದರು. ಬೆಳಗಿನ ನಾಲ್ಕು ಗಂಟೆಗೆ ಅಕ್ಕನವರಿಗೆ ನಿದ್ರೆ ಹತ್ತಿತು. ಅಲ್ಲಿಯವರೆಗೆ ನಾವಾರೂ ಕಣ್ಣು ಮುಚ್ಚಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಹುಡುಗನು ಹೊಸ ಬೇರಿಂಗ್ ಕೂರಿಸಿದ ಮೋಟಾರನ್ನು ತಂದನು. ರೆಕ್ಕೆಯನ್ನು ತಳ್ಳಿದರೆ ಈಗ ಅದು ತಿರುಗುತ್ತಲೇ ಇದ್ದಿತು. ನಮಗೆ ಅಷ್ಟೇ ಸಾಕಾಗಿದ್ದಿತು. ಆತನಿಗೆ ಸಾಕಾಗಲಿಲ್ಲ. ಕೆಪಾಸಿಟರು, ಬೇರಿಂಗು ಎರಡೂ ಒಟ್ಟಿಗೆ ಏಕೆ ಕೆಟ್ಟವು ಎಂದು ತನ್ನಷ್ಟಕ್ಕೆ ಕೇಳಿಕೊಳ್ಳುತ್ತ ಪೆಟ್ಟಿಗೆಯ ಸುತ್ತ ಕೈಯಾಡಿಸಿದನು. ಹಿಂದಿನ ವರ್ಷ ಪಕ್ಕದ ಮನೆಯವರು ಮೇಲಂತಸ್ತು ಕಟ್ಟಿಸಿದ್ದರು. ತಮ್ಮ ಸ್ಥಳದಲ್ಲಿ ನ್ಯಾಯವಾಗಿಯೇ ಎಬ್ಬಿಸಿದ ಆ ಗೋಡೆಯು ನಮ್ಮ ಪೆಟ್ಟಿಗೆಯ ಮುಖಕ್ಕೆ ಒಂದು ಮೊಳದ ದೂರದಲ್ಲಿ ನಿಂತಿದ್ದಿತು. ಫ್ಯಾನು ಉಗುಳಿದ ಬಿಸಿಗಾಳಿ ಗೋಡೆಗೆ ಬಡಿದು ಮರಳಿ ಬಂದು, ಅದೇ ಗಾಳಿಯನ್ನು ಯಂತ್ರವು ಮತ್ತೆ ಎಳೆದುಕೊಳ್ಳುತ್ತಿದ್ದಿತು. ಆ ಕಾವಿನಲ್ಲಿ ಕೆಪಾಸಿಟರು ಬಾಡಿತು, ಜಿಡ್ಡು ಒಣಗಿತು. ಹುಡುಗನು ಕೊಳವೆಯಲ್ಲಿದ್ದ ಸಡಿಲನ್ನು ಬಳಸಿ, ಗ್ಯಾಸನ್ನು ಬಿಚ್ಚದೆಯೇ ಪೆಟ್ಟಿಗೆಯನ್ನು ಬಯಲಿನ ಕಡೆಗೆ ತಿರುಗಿಸಿ ನಿಲ್ಲಿಸಿದನು. ಸುರುಳಿಯ ಧೂಳನ್ನು ತೊಳೆದನು. ಎಲ್ಲ ಸೇರಿ ಎರಡು ಸಾವಿರ ರೂಪಾಯಿಯ ಒಳಗೆ ಮುಗಿಯಿತು.

ಈಗ ಸರಪಳಿಯನ್ನು ನೋಡಿರಿ. ಕೋಣೆ ತಣಿಯದಿರಲು ಕಂಪ್ರೆಸರು ನಿಂತುದು ಕಾರಣ. ಅದು ನಿಲ್ಲಲು ಫ್ಯಾನು ನಿಂತುದು ಕಾರಣ. ಫ್ಯಾನು ನಿಲ್ಲಲು ಕೆಪಾಸಿಟರೂ ಬೇರಿಂಗೂ ಕಾರಣ. ಅವು ಕೆಡಲು ಗೋಡೆಯಿಂದ ಮರಳಿದ ಕಾವು ಕಾರಣ. ಮೊದಲನೆಯ ಕೊಂಡಿಯಲ್ಲಿ ನಿಂತವನಿಗೆ ಕಂಪ್ರೆಸರು ಅಪರಾಧಿಯಾಗಿ ಕಾಣುತ್ತದೆ. ವಾಸ್ತವವಾಗಿ ಅದು ಪೆಟ್ಟು ತಿಂದದ್ದು, ಪೆಟ್ಟು ಕೊಟ್ಟದ್ದಲ್ಲ. ಹದಿನಾಲ್ಕು ಸಾವಿರ ಕೊಟ್ಟು ಹೊಸ ಕಂಪ್ರೆಸರನ್ನು ಹಾಕಿಸಿದ್ದರೂ ಅದೇ ನಿಂತ ಫ್ಯಾನಿನ ಹಿಂದೆ ಅದೂ ಉಸಿರುಗಟ್ಟುತ್ತಿತ್ತು. ಹೊಸ ಏಸಿಯನ್ನೇ ತಂದಿದ್ದರೂ ಅದೇ ಸ್ಥಳದಲ್ಲಿ ಅದೇ ಗೋಡೆಗೆ ಮುಖಮಾಡಿ ಕೂರುತ್ತಿತ್ತು. ನೈಯಾಯಿಕರು ಕುಂಬಾರನ ಕತ್ತೆಯ ಮಾತನ್ನು ಹೇಳುತ್ತಾರೆ. ಮಣ್ಣು ಹೊತ್ತ ಕತ್ತೆಯು ಮಡಕೆಗಿಂತ ಮೊದಲೇ ಬಂದಿರುತ್ತದೆ. ಅಷ್ಟಕ್ಕೆ ಅದು ಮಡಕೆಗೆ ಕಾರಣವಾಗುವುದಿಲ್ಲ. ಕತ್ತೆ ಇಲ್ಲದೆಯೂ ಮಡಕೆಯಾದೀತು. ಮೊದಲು ಕಂಡುದು, ಹತ್ತಿರ ಇದ್ದುದು, ಬೆಲೆ ಹೆಚ್ಚಿನದು ಎಂಬಷ್ಟರಿಂದಲೇ ಯಾವುದೂ ಕಾರಣವಾಗದು. ಅದು ಇದ್ದರೆ ದೋಷವಿದ್ದು, ಅದನ್ನು ತೆಗೆದರೆ ದೋಷ ಹೋಗಬೇಕು. ಈ ಅನ್ವಯ ವ್ಯತಿರೇಕಗಳ ಒರೆಗಲ್ಲಿಗೆ ಹಚ್ಚಲೆಂದೇ ಆ ಹುಡುಗನು ಬಿಸಿಲಿನಲ್ಲಿ ಒಂದು ತಾಸು ಕುಳಿತುದು.

ವಾಚಕರ ಉಪಯೋಗಕ್ಕಾಗಿ ಇನ್ನು ಕೆಲವು ಸಂಗತಿಗಳನ್ನು ಹೇಳುತ್ತೇನೆ. ಫ್ಯಾನು ಸೊರಗಲು ವಿದ್ಯುತ್ತಿನ ಇಳಿತವೂ ಕಾರಣವಾಗಬಹುದು. ಇಂಥ ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230ರ ಸ್ಥಳದಲ್ಲಿ 180 ವೋಲ್ಟು ಬಂದರೆ ಬಲವು ನೂರಕ್ಕೆ ಅರವತ್ತರಷ್ಟಕ್ಕೆ ಇಳಿಯುತ್ತದೆ. ದೀಪಗಳು ಮಂಕಾಗುವ ಹೊತ್ತಿಗೇ ಫ್ಯಾನು ನಿಲ್ಲುತ್ತಿದ್ದರೆ ಮೋಟಾರಿಗಿಂತ ಮೊದಲು ವಿದ್ಯುತ್ತನ್ನು ಅಳೆಯಿಸಬೇಕು. ಒಳಗಿನ ಪೆಟ್ಟಿಗೆಯ ಗಾಳಿ ಕಡಿಮೆಯಾಗಿದ್ದರೆ ಮೊದಲು ಜಾಲರಿಯ ಧೂಳನ್ನು ನೋಡಬೇಕು. ಧೂಳು ಕಟ್ಟಿದ ಜಾಲರಿಯಿಂದ ಸುರುಳಿಯ ಮೇಲೆ ಮಂಜು ಕಟ್ಟುವುದೂ ಉಂಟು. ಈಚಿನ ಇನ್ವರ್ಟರ್ ಏಸಿಗಳ ರೀತಿ ಬೇರೆ. ಅವುಗಳಲ್ಲಿ ಅನೇಕವಕ್ಕೆ ನೇರ ವಿದ್ಯುತ್ತಿನ ಮೋಟಾರು ಇದ್ದು, ಅದನ್ನು ಸರ್ಕ್ಯೂಟ್ ಬೋರ್ಡೇ ನಡೆಸುತ್ತದೆ. ಫ್ಯಾನಿಗೆ ಬೇರೆಯ ಕೆಪಾಸಿಟರು ಇರುವುದಿಲ್ಲ. ಅಲ್ಲಿ ಸುಮಾರು 310 ವೋಲ್ಟಿನ ನೇರ ವಿದ್ಯುತ್ತು ಇರುವುದರಿಂದ ಬಲ್ಲವರಲ್ಲದೆ ಮತ್ತಾರೂ ಕೈ ಹಾಕಕೂಡದು. ಈಗಿನ ಅನೇಕ ಏಸಿಗಳಲ್ಲಿ ತುಂಬುವ ಆರ್-32 ಎಂಬ ಗ್ಯಾಸಿಗೆ ಅಲ್ಪಮಟ್ಟಿನ ದಹನಗುಣವೂ ಇದೆ. ಕೊಳವೆಗೆ ಬೆಂಕಿ ತಾಗಿಸುವ ಕೆಲಸ ಮನೆಯವರದಲ್ಲ.

ಮನೆಯವರು ಮಾಡತಕ್ಕದ್ದು ಇಷ್ಟು. ಹದಿನೈದು ದಿನಕ್ಕೊಮ್ಮೆ ಜಾಲರಿಯನ್ನು ತೊಳೆಯುವುದು. ಹೊರಗಿನ ಪೆಟ್ಟಿಗೆಯ ಮುಂದೆ ಕಟ್ಟಿಗೆ, ಚೀಲ, ತಗಡು ಇಡದಿರುವುದು. ಏಸಿಯನ್ನು 24 ಡಿಗ್ರಿಯ ಸುಮಾರಿಗೆ ನಡೆಸುವುದು; 2020ರ ಜನವರಿಯಿಂದ ತಯಾರಾದ, ನಕ್ಷತ್ರಗಳ ಗುರುತಿನ ಏಸಿಗಳು ತಾವಾಗಿಯೇ ಆ ಅಂಕದಿಂದ ಪ್ರಾರಂಭವಾಗುವಂತೆ ಭಾರತ ಸರ್ಕಾರ ನಿಯಮ ಮಾಡಿದೆ. ಫ್ಯಾನು ನಿಂತು ಗುಂಯ್ಗುಡುತ್ತಿರುವುದು ಕಂಡರೆ ಕೋಲಿನಿಂದ ತಿವಿಯದೆ ಕೂಡಲೇ ಎಂ.ಸಿ.ಬಿ. ಇಳಿಸುವುದು, ಹಾಗೆಯೇ ನಡೆಸಿದರೆ ಇಂದು ಕೆಡದ ಕಂಪ್ರೆಸರು ನಾಳೆ ಕೆಟ್ಟೀತು. ಯಾವಾಗ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಏಳುತ್ತದೆ, ಎಂಥ ಸಪ್ಪಳ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡುವುದು. ವೈದ್ಯನಿಗೆ ರೋಗಿಯ ಮಾತು ಹೇಗೋ ಮೆಕ್ಯಾನಿಕನಿಗೆ ಈ ಚೀಟಿ ಹಾಗೆ. ಮೆಕ್ಯಾನಿಕನು ಏನನ್ನಾದರೂ ಬದಲಿಸಬೇಕೆಂದರೆ, "ಇದು ಕೆಟ್ಟಿದೆಯೆಂದು ಯಾವ ಅಳತೆಯಿಂದ ತಿಳಿಯಿತಪ್ಪಾ? ಇದು ಕೆಡಲು ಏನು ಕಾರಣ?" ಎಂದು ಎರಡು ಪ್ರಶ್ನೆಗಳನ್ನು ಸೌಜನ್ಯದಿಂದ ಕೇಳುವುದು. ಬಲ್ಲವನು ಸಂತೋಷದಿಂದ ಮೀಟರನ್ನು ತೋರಿಸುತ್ತಾನೆ.

ಕೊನೆಯದಾಗಿ ಕೂಲಿಯ ಮಾತು. ನಾವು ಬಿಡಿಭಾಗಕ್ಕೆ ಸಾವಿರಗಳನ್ನು ಎಣಿಸಿಕೊಡುತ್ತೇವೆ. ವಿಚಾರಕ್ಕೆ ಕೊಡಲು ಹಿಂಜರಿಯುತ್ತೇವೆ. "ಇನ್ನೂರರ ಸಾಮಾನಿಗೆ ಇಷ್ಟು ಕೂಲಿಯೇ?" ಎಂದು ಚೌಕಾಶಿ ಮಾಡುವವರು ಹದಿನಾಲ್ಕು ಸಾವಿರದ ಚೀಟಿಯನ್ನು ತಾವೇ ಬರೆಸಿಕೊಳ್ಳುತ್ತಾರೆ. ಸಾಮಾನಿನಲ್ಲಿ ಮಾತ್ರ ಗಳಿಕೆ ಇದ್ದರೆ ದುಡಿಯುವವನು ಸಾಮಾನನ್ನೇ ಮಾರಬೇಕಾಗುತ್ತದೆ. ಕಾಯಕವನ್ನು ಹೊಗಳುವ ನಮ್ಮ ಮನೆಗಳಲ್ಲಿ ಕಾಯಕದ ಒಳಗಿರುವ ಬುದ್ಧಿಗೂ ತಕ್ಕ ಬೆಲೆ ಸಲ್ಲಬೇಕು. ಬಿಸಿಲಿನಲ್ಲಿ ಒಂದು ತಾಸು ಸುಮ್ಮನೆ ಕುಳಿತು ನೋಡಿದವನ ಆ ಒಂದು ತಾಸೇ ಎಲ್ಲಕ್ಕಿಂತ ದೊಡ್ಡ ದುರಸ್ತಿ. ನಮ್ಮ ಮಕ್ಕಳಲ್ಲಿ ಕೈಗೆಲಸದ ಕಡೆಗೆ ಒಲವುಳ್ಳವರು ಇದ್ದರೆ ಅವರನ್ನು ಸಂಕೋಚವಿಲ್ಲದೆ ಐ.ಟಿ.ಐ.ಗೆ ಕಳುಹಿಸಿರಿ, ಏನಾದರೂ ಕೆಟ್ಟಾಗ ತಕ್ಷಣ ಬದಲಿಸದೆ ಏಕೆ ಕೆಟ್ಟಿತೆಂದು ಕೇಳುವ ರೂಢಿಯನ್ನು ಮನೆಯಲ್ಲಿಯೇ ಹಾಕಿರಿ. ಆ ರೂಢಿಯು ಯಂತ್ರದ ಮುಂದೆ ಮಾತ್ರವಲ್ಲ, ಮನೆಯೊಳಗೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವ ಹೊತ್ತಿನಲ್ಲಿಯೂ ಉಪಯೋಗಕ್ಕೆ ಬರುತ್ತದೆ.